ಖಾಲಿ ಕೋಣೆಯ ಅಳತೆ

ಮಾರ್ಚ್ 14, 2019, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಹದಿನೆಂಟು ಡೆಸಿಬೆಲ್.

ಕಿವಿ ಪರೀಕ್ಷೆ ಮಾಡುವ ಕೋಣೆಯಲ್ಲಿ, ಒಳಗೆ ಯಾರೂ ಇಲ್ಲದಾಗ, ಎಷ್ಟು ಸದ್ದಿದೆ ಎಂದು ವರ್ಷಕ್ಕೊಮ್ಮೆ ಅಳೆಯಬೇಕು. ಕ್ಲಿನಿಕ್ಕಿನ ಶ್ರವಣತಜ್ಞನಾದ ಅವನು ಹೊರಗೆ ನಿಂತು, ಎರಡು ಪದರದ ಗಾಜಿನ ಮೂಲಕ, ಒಳಗೆ ಸ್ಟ್ಯಾಂಡಿನ ಮೇಲಿಟ್ಟ ಮೀಟರಿನ ಅಂಕಿಯನ್ನು ಓದಿದ. ಹೊರಗೆ ನಿಂತೇ ಓದಬೇಕು. ಒಬ್ಬ ಮನುಷ್ಯ ಒಳಗಿದ್ದರೆ ಸಾಕು, ಎಷ್ಟೇ ಅಲುಗಾಡದೆ ಕೂತರೂ ಅಂಕಿ ಇಪ್ಪತ್ತಮೂರಕ್ಕೆ ಏರುತ್ತದೆ. ಉಸಿರು, ಅಂಗಿಯ ಸರಬರ, ಹೊಟ್ಟೆಯ ಗುರುಗುರು. ಬದುಕಿರುವುದೆಂದರೆ ಐದು ಡೆಸಿಬೆಲ್ ಗದ್ದಲ ಎಂದು ಅವನು ಹಿಂದೊಮ್ಮೆ ತಮಾಷೆ ಮಾಡಿದ್ದ. ಇವತ್ತು ಅದು ನೆನಪಾಗಿ ನಗು ಬರಲಿಲ್ಲ.

ಸಂಜೆ, ಕಟ್ಟಡದ ಫ್ಯಾನುಗಳೆಲ್ಲ ನಿಂತ ಮೇಲೆ, ಇನ್ನೊಂದು ಸಲ ಅಳೆಯಬೇಕಾಗಿತ್ತು. ಮೀಟರನ್ನು ಅಲ್ಲೇ ಬಿಟ್ಟ.

ಅದೇ ಸಂಜೆ ಏಳು ಗಂಟೆಗೆ ಚರ್ಚಿನ ಸಭೆಯ ಹಿರಿಯರು ಅವನ ಮತ್ತು ಅವನ ಹೆಂಡತಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಸಮುದ್ರದಾಚೆಯ ಒಂದು ದ್ವೀಪದ ಮಿಷನ್ ಆಸ್ಪತ್ರೆಗೆ ಅವರನ್ನು ಒಪ್ಪಿಸಿಕೊಡುವವರಿದ್ದರು. ಹೆಂಡತಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು; ಕೆಲಸ ಬಿಟ್ಟಾಗಿತ್ತು. ದ್ವೀಪದಲ್ಲಿ ಶಾಲೆಯಿಲ್ಲ, ಒಂಬತ್ತು ವರ್ಷದ ಮಗಳು ಸೋಮವಾರದಿಂದ ಹಾಸ್ಟೆಲಿನಲ್ಲಿ. ಇಷ್ಟಕ್ಕೂ ಕಾರಣ ಒಂದೇ. ಹೋದ ವರ್ಷದ ಪ್ರಾರ್ಥನಾ ಶಿಬಿರದಲ್ಲಿ ಅವನಿಗೆ ದೇವರ ಕರೆ ಕೇಳಿಸಿತ್ತು.

ಅಥವಾ, ಕೇಳಿಸಿತು ಎಂದು ಅವನು ಹೇಳಿದ್ದ.

ಮೊದಲು ಬಂದವರು ಒಬ್ಬ ನಿವೃತ್ತ ನ್ಯಾಯಾಧೀಶರು. ಜೊತೆಗೆ ಸೊಸೆ.

"ಮಾವನವರಿಗೆ ಊಟಕ್ಕೆ ಕರೆದ್ರೆ ಕೇಳ್ಸುತ್ತೆ, ಮಾತ್ರೆಗೆ ಕರೆದ್ರೆ ಕೇಳ್ಸಲ್ಲ," ಎಂದಳು ಸೊಸೆ.

"ಇದೂ ಕೇಳಿಸ್ತು ನೋಡಮ್ಮ," ಎಂದರು ನ್ಯಾಯಾಧೀಶರು.

ಅವರನ್ನು ಒಳಗೆ ಕೂರಿಸಿ, ಹೆಡ್‌ಫೋನ್ ತೊಡಿಸಿ, ಕೈಗೆ ಗುಂಡಿ ಕೊಟ್ಟ. ಎಷ್ಟೇ ಸಣ್ಣಗೆ ಕೇಳಿಸಿದರೂ ಒತ್ತಬೇಕು. ಒತ್ತಿದರೆ ಹೊರಗಿನ ಯಂತ್ರದ ಮೇಲೆ ಹಸಿರು ದೀಪ ಹತ್ತುತ್ತದೆ. ಬಾಗಿಲು ಎಳೆದ. ರಬ್ಬರು ಹಿಸುಕಿಕೊಂಡು ಮುಚ್ಚಿತು.

ಸ್ವರ ಕೊಟ್ಟ. ದೀಪ. ಹತ್ತು ಡೆಸಿಬೆಲ್ ಇಳಿಸಿದ. ದೀಪ. ಮತ್ತೆ ಹತ್ತು ಇಳಿಸಿದ. ಇಲ್ಲ. ಐದು ಏರಿಸಿದ. ದೀಪ. ಕೊಟ್ಟ ಸ್ವರ ಅರ್ಧ ಸಲ ಕೇಳಿಸಿ ಅರ್ಧ ಸಲ ಕೇಳಿಸದೆ ಹೋಗುವ ಮಟ್ಟಕ್ಕೆ ಈ ಕಸುಬಿನಲ್ಲಿ ಹೊಸ್ತಿಲು ಎನ್ನುತ್ತಾರೆ. ಹೊಸ್ತಿಲ ಮೇಲೆ ನಿಂತವರ ಮಾತನ್ನು ಪೂರ್ತಿ ನಂಬುವಂತಿಲ್ಲ. ಅದಕ್ಕೇ ನಡುನಡುವೆ ಏನನ್ನೂ ಕೊಡದೆ ಸುಮ್ಮನೆ ಕಾಯಬೇಕು.

ಅವನು ಕೈಕಟ್ಟಿ ಕೂತ. ಗಾಜಿನಾಚೆ ನ್ಯಾಯಾಧೀಶರು ಹುಬ್ಬು ಗಂಟಿಕ್ಕಿ, ಕತ್ತು ಚಾಚಿ, ಅವನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು. ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿತು.

ಅವನು ಮೈಕಿನ ಸ್ವಿಚ್ಚು ಒತ್ತಿದ. "ಸಾರ್, ಈಗ ಏನು ಕೇಳಿಸ್ತು?"

"ಸ್ವರ."

"ನಾನು ಏನೂ ಕೊಟ್ಟಿರ್ಲಿಲ್ಲ."

ನ್ಯಾಯಾಧೀಶರು ಹೆಡ್‌ಫೋನ್ ಸರಿಮಾಡಿಕೊಂಡರು. "ಇಷ್ಟೊತ್ತಿಗೆ ಬಂದಿರ್ಬೇಕು ಅನ್ನಿಸ್ತು."

"ಕೇಳಿಸಿದ್ರೆ ಮಾತ್ರ ಒತ್ತಿ, ಸಾರ್."

"ಅಲ್ರೀ, ನೀವು ಅಲ್ಲಿ ಕೂತು ನನ್ನೇ ನೋಡ್ತಿದ್ದೀರಿ. ನೋಡ್ತಿದ್ದೀರಿ ಅಂದ್ಮೇಲೆ ಏನೋ ಕಳಿಸ್ತಿದ್ದೀರಿ ಅಂತಲೇ ತಾನೇ? ಒಬ್ಬನನ್ನ ಒಳಗೆ ಕೂರಿಸಿ, ಏನೂ ಕೊಡದೆ, ಸುಮ್ನೆ ನೋಡ್ತಾ ಕೂರ್ತಾರೇನ್ರೀ ಯಾರಾದ್ರೂ?"

ಅವನು ಗಾಜಿನಿಂದ ಕಣ್ಣು ಕಿತ್ತು ಯಂತ್ರದತ್ತ ನೋಡಿದ.

"ಕೂರ್ತಾರೆ, ಸಾರ್," ಎಂದ. "ಪರೀಕ್ಷೆ ಅಂದ್ರೆ ಅದೇ."

ವರದಿಯ ಕೊನೆಗೆ 'ಉತ್ತರಗಳು ನಂಬಲರ್ಹವಲ್ಲ' ಎಂದು ಬರೆದ. ಸೊಸೆ ಅದನ್ನು ಓದಿ, "ಕೋರ್ಟಲ್ಲಿ ಎಷ್ಟು ಜನಕ್ಕೆ ಹೀಗೆ ಬರೆದಿದ್ದಾರೋ," ಎಂದು ನಗುತ್ತ ಮಾವನ ಕೈಹಿಡಿದು ಹೊರಟಳು.

ಶಿಬಿರದಲ್ಲೂ ಹೀಗೆಯೇ. ಪಾಸ್ಟರ್ ಮೂರು ದಿನ ಒಂದೇ ವಿಷಯ ಹೇಳಿದ್ದರು. ಬದುಕು ನಮ್ಮದಲ್ಲ, ನಮ್ಮ ವಶಕ್ಕೆ ಕೊಟ್ಟದ್ದು. ಗುರಿಯಿಲ್ಲದೆ ಅದನ್ನು ಸವೆಸುವ ಹಕ್ಕು ನಮಗಿಲ್ಲ. ಕೇಳಿ, ದೇವರು ಹೇಳುತ್ತಾನೆ. ವಿಜ್ಞಾನ ಓದಿದ ಅವನಿಗೆ ಇದು ಎಷ್ಟೋ ವರ್ಷಗಳಿಂದ ಕಾಯುತ್ತಿದ್ದ ಮಾತಿನಂತೆ ಹಿಡಿಸಿತ್ತು. ಸವೆಸುತ್ತಿದ್ದೇನೆ ಎಂಬ ಅನುಮಾನ ಅವನಿಗೆ ಮೊದಲಿಂದಲೂ ಇತ್ತು. ಕೊನೆಯ ದಿನ ಎಲ್ಲರೂ ಗುಂಡಗೆ ಕೂತು ಕಣ್ಣು ಮುಚ್ಚಿದರು. ಎಷ್ಟೋ ಹೊತ್ತಾದ ಮೇಲೆ ಒಬ್ಬ ದರ್ಜಿ ಎದ್ದು ತನಗೆ ಕೇಳಿಸಿತು ಎಂದ. ಒಬ್ಬ ದಂತವೈದ್ಯೆಗೆ ಕೇಳಿಸಿತು, ಅತ್ತಳು. ಅವಳ ಪಕ್ಕದವನಿಗೆ ಕೇಳಿಸಿತು. ಊಟದ ಹೊತ್ತು ಮೀರಿತ್ತು. ಅವನ ಸರದಿ ಬಂತು. ಎಲ್ಲರೂ ಪ್ರೀತಿಯಿಂದಲೇ ಅವನತ್ತ ನೋಡುತ್ತಿದ್ದರು.

"ಹೋಗು ಅಂತ ಕೇಳಿಸಿತು," ಎಂದಿದ್ದ.

ಸುಳ್ಳು ಎನ್ನುವಂತಿರಲಿಲ್ಲ. ಕೇಳಿಸಲೇ ಇಲ್ಲ ಎಂದು ಖಚಿತವಾಗಿ ಹೇಳುವುದಕ್ಕೂ ಅವನಿಂದ ಆಗುತ್ತಿರಲಿಲ್ಲ. ಮನೆಗೆ ಬಂದವನೇ ಗ್ರಾಫ್ ಹಾಳೆಯ ಮೇಲೆ ಬದುಕಿನ ಯೋಜನೆ ಬರೆದ. ಅಡ್ಡಕ್ಕೆ ವರ್ಷಗಳು. ಶಿಬಿರದ ದಿನಕ್ಕೆ ಒಂದು ಕೆಂಪು ಚುಕ್ಕೆ. ಅಲ್ಲಿಂದ ಹೊರಟು, ದ್ವೀಪವನ್ನು ಹಾದು, ಹಾಳೆಯ ಅಂಚಿನವರೆಗೆ ನೆಟ್ಟಗಿನ ಗೆರೆ. ಒಂದೇ ಬಿಂದುವಿನ ಮೂಲಕ ಎಷ್ಟು ಗೆರೆಗಳನ್ನಾದರೂ ಎಳೆಯಬಹುದು ಎಂಬುದು ಹೈಸ್ಕೂಲಿನ ಪಾಠ. ಗಣಿತ ಕಲಿಸುವ ಹೆಂಡತಿ ಹಾಳೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ, "ಸರಿ," ಎಂದಳು.

ಮಧ್ಯಾಹ್ನ ಅವಳೇ ಫೋನ್ ಮಾಡಿದಳು.

"ಟ್ರಂಕಿಗೆ ಬೀಗ ತಗೊಂಡ್ರಾ?"

"ತಗೋತೀನಿ."

"ಬಟ್ಟೆಗೆಲ್ಲ ನಂಬರ್ ಹೊಲಿದಾಯ್ತು. ನೂರ ಹದಿನೇಳು."

"ಏನದು?"

"ಅವಳ ಹಾಸ್ಟೆಲ್ ನಂಬರ್ ರೀ. ಕಾಲುಚೀಲಕ್ಕೂ ಹೊಲಿಬೇಕಂತೆ." ಅವಳು ದನಿ ತಗ್ಗಿಸಿದಳು. "ರೀ, ನಿಮ್ಮನ್ನ ಒಂದು ಮಾತು ಕೇಳ್ಬೇಕು."

"ಕೇಳು."

"ಫೋನಲ್ಲಿ ಬೇಡ. ಏಳಕ್ಕೆ ಮುಂಚೆ, ಎದುರಿಗೆ ನಿಂತು ಕೇಳ್ತೀನಿ. ನೀವು ಏನು ಹೇಳಿದ್ರೂ ನಂಬ್ತೀನಿ. ಅದಕ್ಕೇ ನಿಜ ಹೇಳ್ಬೇಕು."

"ಇಲ್ಲಿ ಪೇಷೆಂಟ್ ಇದ್ದಾರೆ," ಎಂದ. ಯಾರೂ ಇರಲಿಲ್ಲ.

ಮಗಳು ಫೋನ್ ಕಿತ್ತುಕೊಂಡಳು. "ಅಪ್ಪಾ, ದೇವರ ಸ್ವರ ದಪ್ಪ ಇತ್ತಾ, ಸಣ್ಣ ಇತ್ತಾ?"

"ಯಾಕೆ ಪುಟ್ಟಿ?"

"ಹಾಸ್ಟೆಲಲ್ಲಿ ನಂಗೂ ಕರೆದ್ರೆ? ಗೊತ್ತಾಗ್ಬೇಕಲ್ವಾ?"

ಅವನು ಫೋನನ್ನು ಕೈಯಿಂದ ಕೈಗೆ ಬದಲಾಯಿಸಿದ. "ಗೊತ್ತಾಗುತ್ತೆ," ಎಂದ.

ನಾಲ್ಕು ಗಂಟೆಗೆ ಪಾಸ್ಟರ್ ಕರೆ ಮಾಡಿದರು. ಒಳ್ಳೆಯ ಮನುಷ್ಯ, ಮಗಳ ಫೀಸು ಕಡಿಮೆ ಮಾಡಿಸಲು ಹಾಸ್ಟೆಲಿಗೆ ನಾಲ್ಕು ಸಲ ಓಡಾಡಿದವರು.

"ಬ್ರದರ್, ಸಭೆ ಮುಂದೆ ನೀವು ಹೇಳೋ ಸಾಕ್ಷಿ ಚಿಕ್ಕದಾಗಿರ್ಲಿ. ಏನು ಕೇಳಿಸ್ತು, ಹೇಗೆ ಕೇಳಿಸ್ತು, ಅಷ್ಟೇ. ಉದ್ದ ಆದ್ರೆ ನಮ್ಮ ಹಿರಿಯರು ನಿದ್ದೆ ಹೊಡೀತಾರೆ."

"ಪಾಸ್ಟರ್, ಸ್ವಲ್ಪ ಹೆದರಿಕೆ ಆಗ್ತಿದೆ."

"ಆಗ್ಲಿ ಬಿಡಿ. ಕರೆ ಕೇಳಿಸಿದವರೆಲ್ಲ ಹೆದರಿದ್ದಾರೆ."

"ಕೇಳಿಸದೇ ಇದ್ದವರು?"

ಪಾಸ್ಟರ್ ನಕ್ಕರು. "ಅವರಿಗೇನು, ಮನೇಲಿ ಆರಾಮಾಗಿರ್ತಾರೆ. ಆರೂಮುಕ್ಕಾಲಿಗೆ ಬಂದ್ಬಿಡಿ."

ಆರು ಗಂಟೆಗೆ ಕ್ಲಿನಿಕ್ಕಿನ ಸಹಾಯಕಿ ಹೋದಳು. ಫ್ಯಾನುಗಳು ನಿಂತವು. ಮುಂಬಾಗಿಲು ಓರೆಯಾಗಿತ್ತು, ಹೆಂಡತಿ ಮಗಳನ್ನು ಕರೆದುಕೊಂಡು ಇಲ್ಲಿಗೇ ಬಂದು, ಇಲ್ಲಿಂದ ಮೂವರೂ ಸಭೆಗೆ ಹೋಗುವುದೆಂದಾಗಿತ್ತು. ಗಾಜಿನ ಮೂಲಕ ಮೀಟರು ನೋಡಿದ. ಹದಿನೆಂಟು. ಬರೆದುಕೊಂಡ. ಕೆಲಸ ಮುಗಿದಿತ್ತು.

ಯಂತ್ರವನ್ನು ಆರಿಸಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಇನ್ನೊಂದು ಸಲ ಕೇಳಬಹುದು. ಪಕ್ಕದವರಿಲ್ಲದೆ, ಅಳುವವರಿಲ್ಲದೆ, ಪ್ರಯೋಗ ಮಾಡುವವರ ಹಾಗೆ. ಕೇಳಿಸಿದರೆ ನಿಶ್ಚಿಂತೆಯಿಂದ ಹೋಗುವುದು. ಕೇಳಿಸದಿದ್ದರೆ ಹೆಂಡತಿಗೆ ನಿಜ ಹೇಳುವುದು. ಮಗಳ ಟ್ರಂಕು ಬಿಚ್ಚುವುದು. ಇದಕ್ಕಿಂತ ಅಚ್ಚುಕಟ್ಟಾದ ಯೋಜನೆಯನ್ನು ಅವನು ಬದುಕಿನಲ್ಲಿ ಹಾಕಿರಲಿಲ್ಲ.

ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಮೀಟರನ್ನು ತನ್ನ ಕಡೆಗೆ ತಿರುಗಿಸಿ ಕುರ್ಚಿಯಲ್ಲಿ ಕೂತ.

"ಹೇಳು," ಎಂದ. ಸದ್ದು ಹೀರುವ ಸ್ಪಂಜಿನ ಗೋಡೆಗಳು ಮಾತನ್ನು ಬಾಯಿಂದ ಹೊರಟಲ್ಲೇ ನುಂಗಿಬಿಟ್ಟವು.

ಇಪ್ಪತ್ತಮೂರು. ಕಿವಿಯೊಳಗೆ ತನ್ನದೇ ರಕ್ತ ದಬದಬ ಬಡಿಯುತ್ತಿತ್ತು. ನನ್ನ ಸದ್ದೇ ಅಡ್ಡ ಬರುತ್ತಿದೆ ಅಂದುಕೊಂಡ. ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದ. ಇಪ್ಪತ್ತೆರಡು. ಬಾಯಿ ತೆರೆದು, ಸದ್ದಾಗದಂತೆ ಉಸಿರು ಬಿಟ್ಟ. ಇಪ್ಪತ್ತೊಂದು. ಮೊದಲು ಏನೂ ಬರುವುದಿಲ್ಲವೆಂದು ಹೆದರಿದ. ಆಮೇಲೆ, ನಿಜವಾಗಿ ಏನಾದರೂ ಬಂದೇಬಿಟ್ಟರೆ ಎಂದು ಇನ್ನೂ ಹೆಚ್ಚು ಹೆದರಿದ. ಯಾರೋ ನೋಡುತ್ತಿದ್ದಾರೆ ಅನ್ನಿಸಿತು.

ತಲೆಯೆತ್ತಿದ. ಗಾಜಿನಾಚೆ ಹೆಂಡತಿ ನಿಂತಿದ್ದಳು. ಸಭೆಯ ಬಟ್ಟೆ, ಬಾಚಿದ ತಲೆ. ಅವಳ ಸೊಂಟಕ್ಕೆ ಒರಗಿಕೊಂಡು ಮಗಳು.

ಅವಳು ಮಾತಾಡುತ್ತಿದ್ದಳು. ಮೈಕಿನ ಸ್ವಿಚ್ಚು ಒತ್ತಬೇಕೆಂಬುದು ಮರೆತಿರಬೇಕು, ತುಟಿಗಳಷ್ಟೇ ಆಡುತ್ತಿದ್ದವು. ತುಟಿ ಓದುವುದು ಅವನಿಗೆ ಬರುತ್ತಿತ್ತು. ಕಿವುಡರಿಗೆ ಅದನ್ನು ಕಲಿಸುವುದೂ ಅವನ ಕೆಲಸವೇ. ಅವನು ಕಣ್ಣನ್ನು ಅವಳ ತುಟಿಯಿಂದ ಕೆಳಗೆ ಇಳಿಸಿ, ಮಗಳ ಕಾಲುಚೀಲದ ಮೇಲೆ ಇಟ್ಟ.

ಮತ್ತೆ ನೋಡಿದಾಗ ಅವಳ ಮಾತು ಮುಗಿದಿತ್ತು. ಅವಳು ಕಾಯುತ್ತಿದ್ದಳು.

ಅವನೂ ಕಾದ. ಎದ್ದು ಬಾಗಿಲು ತೆಗೆದರೆ ಆಗುತ್ತಿತ್ತು. ಏನಂದೆ ಎಂದು ಕೈಸನ್ನೆ ಮಾಡಿದರೂ ಆಗುತ್ತಿತ್ತು. ಅವಳು ಅವನನ್ನೇ ನೋಡುತ್ತಿದ್ದಳು. ಇಷ್ಟೊತ್ತಿಗೆ ಏನಾದರೂ ಹೇಳಿರಬೇಕಿತ್ತು. ಗುಂಡಿ ಅವನ ಕೈಯಲ್ಲಿತ್ತು. ಯಾವಾಗ ಎತ್ತಿಕೊಂಡನೋ ತಿಳಿಯದು.

ಒತ್ತಿದ.

ಹಸಿರು ಬೆಳಕು ಅವಳ ಗದ್ದದ ಮೇಲೆ ಬಿತ್ತು. ಕೇಳಿಸಿತು ಎಂಬ ಅದರ ಅರ್ಥ ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಇದೇ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಆಟವಾಡಿಸಿದ್ದ. ಅವಳು ದೀಪ ನೋಡಿದಳು, ಅವನನ್ನು ನೋಡಿದಳು. ಒಮ್ಮೆ ತಲೆಯಾಡಿಸಿದಳು. ಬಗ್ಗಿ ಮಗಳ ಕಾಲರು ಸರಿಮಾಡಿ, ಅವಳ ಕೈಹಿಡಿದು ಮುಂಬಾಗಿಲಿನ ಕಡೆ ನಡೆದಳು. ಮಗಳು ತಿರುಗಿ ಅವನತ್ತ ಕೈ ಬೀಸಿದಳು.

ಕೂಗಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಇತ್ತು. ಕಿವಿಯೊಳಗಿನ ದಬದಬವೂ ಈಗ ಕೇಳಿಸುತ್ತಿರಲಿಲ್ಲ. ಅವನ ಕಣ್ಣು ಎದುರಿನ ಮೀಟರಿನ ಮೇಲೆ ಬಿತ್ತು.

ಹದಿನೆಂಟು ಡೆಸಿಬೆಲ್.