ತಾರವ್ವನ ಸಾವಧಾನ

ಕರೋಶಿಯ ತಾರವ್ವನ ಬಾಯಲ್ಲಿ ಸವೆದು ನುಣುಪಾದ ಮಾತೊಂದಿತ್ತು: ಸಾವಧಾನ. ಕುರಿ ರಸ್ತೆ ದಾಟುವಾಗ ಸಾವಧಾನ, ಒಲೆಯ ಮೇಲಿನ ಹಾಲಿಗೆ ಸಾವಧಾನ, ಮೊಮ್ಮಗಳು ಕೋಮಲ ಚಿಕ್ಕೋಡಿಯ ಕಾಲೇಜಿಗೆ ಬಸ್ಸು ಹತ್ತುವಾಗಲೂ ಸಾವಧಾನ. ಅವಸರ ಬೇಡ, ನೋಡಿಕೊಂಡು ಹೆಜ್ಜೆ ಇಡು ಎಂದು ಅದರ ಅರ್ಥ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಆ ಮಾತು ಕೋಮಲಳ ಮೈಯೊಳಗೇ ಇಳಿದುಬಿಟ್ಟಿತ್ತು.

ಎನ್‌ಸಿಸಿ ಸೇರಿದ ಮೊದಲ ದಿನ ಹವಾಲ್ದಾರ ದಶರಥ ‘ಸಾವಧಾನ್’ ಎಂದು ಗುಡುಗಿದಾಗ ಸಾಲಿನ ಹುಡುಗಿಯರೆಲ್ಲ ಹಿಮ್ಮಡಿ ಬಡಿದು ಕಂಬದಂತೆ ನಿಂತರು. ಕೋಮಲ ಮಾತ್ರ ಮಲಗಿದ ಕೂಸು ಎದ್ದೀತು ಎಂಬಂತೆ ಕಾಲನ್ನು ಮೆಲ್ಲಗೆ ಎಳೆದುಕೊಂಡಳು.

“ಏನ್ ಬೇ, ಮದುವಿ ನಡದೈತೇನು? ಅಕ್ಕಿಕಾಳು ತರ್ಲಿ?” ಪಕ್ಕದಲ್ಲಿದ್ದ ರುಕ್ಸಾರ ಪಿಸುಗುಟ್ಟಿದಳು. ಭಟ್ಟರು ‘ಶುಭಮಂಗಲ ಸಾವಧಾನ’ ಎಂದೊಡನೆ ಅಕ್ಕಿಕಾಳು ಬೀಳುವುದು ಈ ಕಡೆಯವರಿಗೆಲ್ಲ ಗೊತ್ತಿದ್ದದ್ದೇ. ಸಾಲು ಕಿಸಕ್ಕೆಂದಿತು.

ದೀಪಾವಳಿಯ ಹೊತ್ತಿಗೆ ಕಾಲು ಕಲಿಯಿತು. ದನಿ ಕಲಿಯಲಿಲ್ಲ. ಗಣರಾಜ್ಯೋತ್ಸವಕ್ಕೆ ಹುಡುಗಿಯರ ತುಕಡಿಯನ್ನು ಮುನ್ನಡೆಸುವವರು ಯಾರು ಎಂದು ಹವಾಲ್ದಾರ ಕೇಳಿದಾಗ ರುಕ್ಸಾರ ಕೈ ಎತ್ತಿದಳು, ಅವಳ ಹಿಂದೆಯೇ ಕೋಮಲಳೂ ಎತ್ತಿದಳು. ಎಲ್ಲರೂ ತಿರುಗಿ ನೋಡಿದರು. ತರಗತಿಯಲ್ಲಿ ಕೂತಿದ್ದೂ, ದನಿ ಕೇಳದೆ ಗೈರುಹಾಜರಿ ಹಾಕಿಸಿಕೊಂಡ ಹುಡುಗಿ ಅವಳು.

ಮುಂದೆ ಬಂದು ‘ಸಾವಧಾನ್’ ಎಂದು ಕೂಗಿದಳು. ಮಾತು ಅಡವಿಯಲ್ಲಿ ಹೆದರಿದ ಮೊಲದಂತೆ ಒಂದೇ ಉಸಿರಿಗೆ ಹಾರಿಹೋಯಿತು. ಅರ್ಧ ಸಾಲು ಕಾಲು ಕೂಡಿಸಿತು, ಇನ್ನರ್ಧ ಬಾಯಿ ನೋಡುತ್ತ ನಿಂತಿತು.

“ಸೋಮವಾರ ಇನ್ನೊಮ್ಮಿ ನೋಡ್ತೀನಿ,” ಎಂದ ದಶರಥ. “ಅವತ್ತೂ ಹಿಂಗಾದ್ರ ರುಕ್ಸಾರ ಮುಂದ, ನೀ ಹಿಂದಿನ ಸಾಲಿಗೆ.”

ಬಿಡುವವಳಲ್ಲ ಕೋಮಲ. ಭಾನುವಾರ ಕಬ್ಬು ಕಡಿದ ಹೊಲದಲ್ಲಿ ಕುರಿ ಮೇಯಿಸುತ್ತ ಗಂಟಲು ಹರಿಯುವಂತೆ ಕೂಗಿದಳು. ಕುರಿಗಳು ಬೆದರಿ ದಿಕ್ಕಾಪಾಲಾದವು.

“ಯಾಕ ಬೇ ಕುರಿ ಅಂಜಸ್ತಿ?” ಬದುವಿನ ಮೇಲೆ ಕೂತಿದ್ದ ತಾರವ್ವ ಕೇಳಿದಳು.

“ಕುರಿಗಲ್ಲ ಆಯಿ, ಹುಡುಗ್ಯಾರಿಗೆ. ಸಾವಧಾನ್ ಅಂದ್ರ ಪಟ್ಟನ ನಿಂದ್ರಬೇಕು.”

“ಸಾವಧಾನ ಅಂತ ಹಿಂಗ ಗಡಬಡ ಮಾಡಿ ಅಂದ್ರ ಯಾರ್ ನಿಂದರ್ತಾರ? ನಿಮ್ಮ ಹವಾಲ್ದಾರಗ ಕನ್ನಡ ಬರೂದಿಲ್ಲೇನ?”

ಕೋಮಲ ನಕ್ಕಳು. ನಗುತ್ತಲೇ ಅವಳಿಗೊಂದು ಹೊಳೆಯಿತು. ಹವಾಲ್ದಾರ ಗಡಬಡ ಮಾಡುತ್ತಿರಲಿಲ್ಲವಲ್ಲ. ‘ಸಾವ’ ಎಂದು ಎಳೆದು, ಎಲ್ಲರ ಕಿವಿ ತನ್ನ ಕಡೆ ಬರುವ ತನಕ ಕಾದು, ಆಮೇಲೆ ‘ಧಾನ್’ ಎಂದು ಹೊಡೆಯುತ್ತಿದ್ದ. ಅವಸರವಿಲ್ಲದ ಆ ಮೊದಲರ್ಧ ಆಯಿಯದೇ. ನಡುವಿನ ಬಿಡುವಿನಲ್ಲಿ ಯಾರಾದರೂ ನಕ್ಕಾರೆಂದು ಅಂಜಿ, ಕೋಮಲ ಆ ಬಿಡುವನ್ನೇ ನುಂಗಿಬಿಡುತ್ತಿದ್ದಳು.

ಸೋಮವಾರ ತುಕಡಿಯ ಮುಂದೆ ನಿಂತು ಹೊಟ್ಟೆಯೊಳಗಿಂದ ಉಸಿರು ತೆಗೆದಳು. “ಪರೇಡ್, ಸಾವ...”

ಅಷ್ಟರಲ್ಲಿ ಗೋಡೆಯಾಚೆಯ ರಸ್ತೆಗೆ ಕಬ್ಬಿನ ಟ್ರ್ಯಾಕ್ಟರ್ ಬಂತು. ಹಿಂದೆ ಎರಡು ಟ್ರಾಲಿ, ಮುಂದೆ ಮರಾಠಿ ಹಾಡಿನ ಸ್ಪೀಕರ್. ಮೈದಾನವೆಲ್ಲ ಆ ಹಾಡೇ ಆಯಿತು. ರುಕ್ಸಾರಳ ತುಟಿ ಸೊಟ್ಟಗಾಯಿತು. ಯಾರೋ ಕಿಸಕ್ಕೆಂದರು.

ಕೋಮಲ ಗದ್ದ ಇಳಿಸಲಿಲ್ಲ. ಮಾತನ್ನು ಕೈಬಿಡಲೂ ಇಲ್ಲ, ಅವಸರದಲ್ಲಿ ಮುಗಿಸಲೂ ಇಲ್ಲ. ಮೊದಲ ಟ್ರಾಲಿ ದಾಟಿತು. ಎರಡನೆಯದು ಕುಂಟುತ್ತ ದಾಟಿತು. ನಕ್ಕವಳ ನಗುವೂ ಬತ್ತಿತು. ಸಾಲಿಗೆ ಸಾಲೇ ಅವಳ ಬಾಯಿ ನೋಡುತ್ತ ಉಸಿರು ಹಿಡಿದು ನಿಂತಿತು. ಹಾಡು ತಿರುವಿನಲ್ಲಿ ಕರಗಿದ ಮೇಲೆ ಹೊಡೆದಳು.

“ಧಾನ್.”

ಹಿಮ್ಮಡಿಗಳೆಲ್ಲ ಒಂದೇ ಸಪ್ಪಳ ಮಾಡಿದವು.

ದಶರಥ ಮೀಸೆ ಕೆರೆದುಕೊಂಡ. “ಇಷ್ಟುದ್ದದ ಸಾವಧಾನ್ ನನ್ನ ಸರ್ವಿಸಿನ್ಯಾಗ ಕೇಳಿಲ್ಲ. ಆದ್ರ ಒಬ್ಬಾಕಿನೂ ಅಲಗ್ಯಾಡ್ಲಿಲ್ಲ. ಮುಂದ ನೀನ ನಿಂದ್ರು.”

“ಖರೇನ ಮದುವಿ ಆಗಿದ್ರ ಇಷ್ಟೊತ್ತಿಗೆ ಮೂರ್ ಮಕ್ಕಳಾಗ್ತಿದ್ದು,” ರುಕ್ಸಾರ ತುಟಿ ಅಲುಗಿಸದೆ ಗೊಣಗಿದಳು. “ಕಾಲು ಜೋಮು ಹಿಡಿದಾವ. ಬಿಡ ಬೇ ಇನ್ನ.”

ನಗು ಗಂಟಲ ತನಕ ಬಂತು. ಕೋಮಲ ನಗಲಿಲ್ಲ. ಕಾಲು ಸಡಿಲಿಸುವ ‘ವಿಶ್ರಾಮ್’ ಹೇಳಬೇಕಾದವಳು ಈಗ ಅವಳೇ. ಸಾವಧಾನವಾಗಿ ಉಸಿರು ತೆಗೆದುಕೊಂಡಳು.