ಮಾಳಿಗೆಯ ಮೇಲೆ ಚೆಲ್ಲಿದ ಚರಗ

ಎಳ್ಳ ಅಮಾವಾಸ್ಯೆಯ ದಿನ ಬೇಮಳಖೇಡದಲ್ಲಿ ಮನೆಯೊಳಗೆ ಕೂರುವವರು ಕಡಿಮೆ. ಕಾಳು, ಸೊಪ್ಪು ಬೆರೆಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಅಂಬಲಿ ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು, ಬೀಗರನ್ನೂ ಗೆಳೆಯರನ್ನೂ ಕರೆದುಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಅಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡುತ್ತಾರೆ. ಪೈರಿನ ಸುತ್ತ ಎಡೆಯನ್ನು ಎರಚಿ ಚರಗ ಚೆಲ್ಲುತ್ತಾರೆ. ಆಮೇಲೆ ಊಟ.

ಜಗದೇವಿಯೂ ನಸುಕಿನಲ್ಲೇ ಎದ್ದು ಭಜ್ಜಿ ಮಾಡಿದ್ದಳು. ಆದರೆ ಹೊಲಕ್ಕೆ ಅವಳನ್ನು ಯಾರೂ ಕರೆದಿರಲಿಲ್ಲ.

ಅವಳ ಗಂಡ ಜ್ಞಾನೇಶ್ವರ ಮನ್ನಾಏಖೇಳ್ಳಿಯ ಹತ್ತಿರ ಹೆದ್ದಾರಿಯಲ್ಲಿ ಲಾರಿ ಬಡಿದು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಹೋದ ವರ್ಷ, “ಇನ್ನೂ ವರ್ಷ ತುಂಬಿಲ್ಲ, ನಿಮಗ ಹಬ್ಬ ಇಲ್ಲ” ಅಂದಿದ್ದರು. ಅದು ಸರಿಯೇ ಅಂದುಕೊಂಡಿದ್ದಳು. ಈ ವರ್ಷ ಮೈದುನ ದಿಲೀಪನಿಗೆ ತಾನೇ ಫೋನ್ ಮಾಡಿದಳು.

“ಈ ಸಲ ಬ್ಯಾಡ್ರಿ ವೈನಿ. ಮಂದಿ ಬಾಳ ಬರಾಕತ್ಯಾರ. ಜಾಗಾ ಆಗಂಗಿಲ್ಲ. ನಿಮ್ಮ ಬುತ್ತಿ ಮನಿಗೇ ಕಳಸ್ತೀನಿ” ಅಂದ ದಿಲೀಪ.

ಎಂಟು ಎಕರೆ ಹೊಲ. ಅದರಲ್ಲಿ ಅಣ್ಣನ ಇಬ್ಬರು ಮಕ್ಕಳಿಗೆ ಜಾಗ ಇರಲಿಲ್ಲ.

ಮಗ ಸಂಜುಕುಮಾರನಿಗೆ ಆರು ವರ್ಷ. ಹೊಸ ಅಂಗಿ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿದ್ದ. ದಿಲೀಪನ ಟ್ರ್ಯಾಕ್ಟರ್ ಓಣಿಗೆ ಬಂತು. ಹಿಂದೆ ಟ್ರಾಲಿಯಲ್ಲಿ ಹೆಂಗಸರ ನಡುವೆ ಅಜ್ಜಿ ಕೇಶರಬಾಯಿ ಇದ್ದಳು. ಹುಡುಗ “ಆಯೀ! ಆಯೀ!” ಅಂತ ಕೂಗುತ್ತ ಓಡಿದ. ಕೇಶರಬಾಯಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಟ್ರ್ಯಾಕ್ಟರ್ ನಿಲ್ಲಲಿಲ್ಲ.

“ಕೇಳಿಸಿಲ್ಲ ಬಿಡು ಅಕಿಗಿ” ಅಂದಳು ಜಗದೇವಿ.

“ಕೇಳಿಸ್ಯಾದ” ಅಂದಳು ಹನ್ನೊಂದು ವರ್ಷದ ಮಗಳು ಕಾಜಲ.

ಜಗದೇವಿ ಮಕ್ಕಳನ್ನು ಮನೆಯ ಮಣ್ಣಿನ ಮಾಳಿಗೆಯ ಮೇಲಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಐದು ಕಲ್ಲು ಜೋಡಿಸಿ ಕುಂಕುಮ ಹಚ್ಚಿದಳು. ತಾಟಿನಲ್ಲಿ ಭಜ್ಜಿ, ಕಡಬು ಕಲಸಿ ಮಕ್ಕಳ ಕೈಗೆ ಕೊಟ್ಟಳು. “ನಾಕೂ ಮೂಲಿಗಿ ಚೆಲ್ರಿ.” ಮಕ್ಕಳು ಚೆಲ್ಲಿದರು. ಒಣ ಮಣ್ಣಿನ ಮೇಲೆ ಭಜ್ಜಿ ಬಿತ್ತು. ಕಾಗೆಗಳು ಬಂದವು.

“ಇಲ್ಲಿ ಜ್ವಾಳ ಬೆಳೀತದನ ಅವ್ವಾ?” ಅಂದ ಸಂಜು.

ಜಗದೇವಿ ಖಾಲಿ ತಾಟು ಎತ್ತಿಕೊಂಡಳು. ಅಂಬಲಿಯ ತಂಬಿಗೆ ತರುವ ನೆವದಲ್ಲಿ ಕೆಳಗೆ ಇಳಿದು ಅಡುಗೆ ಮನೆಯಲ್ಲಿ ಸ್ವಲ್ಪ ಹೊತ್ತು ನಿಂತಳು.

ಮಧ್ಯಾಹ್ನ ಹುಮನಾಬಾದಿನಿಂದ ಮಹಜಬೀನ್ ಬಂದಳು. ಗಂಡ ಹೋದ ಮೇಲೆ ಜಗದೇವಿ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಅಂಟಿದ ಮಾಣಿಕನಗರಕ್ಕೆ ಹೋಗಿ ಹೂವಿನ ಅಂಗಡಿಯಲ್ಲಿ ಮಾಲೆ ಕಟ್ಟುತ್ತಿದ್ದಳು. ಪಕ್ಕದ ಹೊಲಿಗೆ ಅಂಗಡಿ ಮಹಜಬೀನಳದು. ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿಯಾಗಿಯೂ ಅವಳು ಕೆಲಸ ಮಾಡುತ್ತಿದ್ದಳು. ಪಕ್ಕದ ಮನೆಯ ಭೀಮಬಾಯಿಯೂ ಊಟಕ್ಕೆ ಬಂದಳು. ಮೊಣಕಾಲು ನೋವಿಗೆ ಅವಳು ಮನೆಯಲ್ಲೇ ಉಳಿದಿದ್ದಳು. ಅವಳ ಗಂಡ ಮಡೆಪ್ಪ ಮಾತ್ರ ದಿಲೀಪನ ಹೊಲಕ್ಕೇ ಊಟಕ್ಕೆ ಹೋಗಿದ್ದ.

“ಹೊಲದಾಗ ಊಟ ಅಂದಿದ್ದಿ. ಮಾಳಿಗಿ ಮ್ಯಾಲ ಕೂಡಿಸಾಕತ್ತೀಯಲ್ಲ?” ಅಂದಳು ಮಹಜಬೀನ್.

ಜಗದೇವಿ ಎಲ್ಲ ಹೇಳಿದಳು. ಮಹಜಬೀನ್ ರೊಟ್ಟಿ ಕೆಳಗಿಟ್ಟಳು.

“ಹೊಲ ಯಾರ ಹೆಸರ್ಲೆ ಅದ?”

“ಮಾವನ ಹೆಸರ್ಲೆ ಇತ್ತು ಆಪಾ. ಅವರು ಹೋಗಿ ಬಾಳ ವರ್ಷ ಆತು. ಇವರಿದ್ದಾಗ ಮಾಡ್ಸೋಣು ಅಂತಿದ್ರು. ಇವರು ಹೋದ ಮ್ಯಾಲ ದಿಲೀಪಣ್ಣ, ‘ನಾ ಅದೀನಲ್ಲ ವೈನಿ, ನೀವು ಕಚೇರಿಗಿ ತಿರುಗಬ್ಯಾಡ್ರಿ’ ಅಂದ್ರು.”

“ಪಹಣಿ ನೋಡೀದೇನು?”

“ಇಲ್ಲ.”

ಭೀಮಬಾಯಿಗೆ ಈ ಮಾತು ಸರಿ ಬರಲಿಲ್ಲ. “ಹಬ್ಬದ ದಿನ ಇದೆಲ್ಲ ಯಾಕವ್ವಾ? ಮನಿತನದ ಮಾತು ಕಚೇರಿಗಿ ಒಯ್ಯಬಾರ್ದು. ಮೈದುನ ಅಂದ್ರ ಮಗ ಇದ್ದಂಗ. ಇವತ್ತಿಲ್ಲ ನಾಳಿ ಕರೀತಾನ.”

“ಕರೀಲಿ ಬಾಯೀ, ಬ್ಯಾಡ ಅನ್ನಂಗಿಲ್ಲ” ಅಂದಳು ಮಹಜಬೀನ್. “ಆದ್ರ ಕರದ್ರ ಹೋಗೂದು ಬ್ಯಾರೆ, ಹಕ್ಕಿಲೆ ಹೋಗೂದು ಬ್ಯಾರೆ. ಮನ್ಯಾಗ ಯಾರರೆ ತೀರಿದ್ರ ಮರಣದ ದಾಖಲೆ, ವಂಶವೃಕ್ಷ ತಗೊಂಡು ನಾಡಕಚೇರಿಗಿ ಅರ್ಜಿ ಹಾಕಬೇಕು. ಅದಕ್ಕ ಫೌತಿ ಖಾತೆ ಅಂತಾರ. ಹೆಂಡ್ತಿ ಹೆಸರು, ಮಕ್ಕಳ ಹೆಸರು ಪಹಣ್ಯಾಗ ಕೂಡಬೇಕು. ಬಾಯಿ ಮಾತಿಲೆ ಹೊಲ ಉಳಿಯಂಗಿಲ್ಲ.”

ದಿಲೀಪ ಕಳಿಸುತ್ತೇನೆಂದ ಬುತ್ತಿ ಸಂಜೆಯಾದರೂ ಬರಲಿಲ್ಲ.

ನಾಲ್ಕು ದಿನ ಬಿಟ್ಟು ಜಗದೇವಿ, ಮಹಜಬೀನ್ ಇಬ್ಬರೂ ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿದರು. ಅದರಲ್ಲಿ ಒಂದೇ ಹೆಸರಿತ್ತು: ದಿಲೀಪ. ಹೆಸರು ಹೇಗೆ ಬಂತು ಎಂದು ಹಳೆಯ ಕಾಗದಗಳ ನಕಲು ಕೇಳಿದರು. ಎರಡು ವಾರದ ಮೇಲೆ ನಕಲು ಸಿಕ್ಕಿತು. ಅಂದು ಮನೆಯಲ್ಲಿ ಭೀಮಬಾಯಿ, ಮಡೆಪ್ಪ ಇಬ್ಬರೂ ಕೂತಿದ್ದರು. ಜಗದೇವಿಗೆ ಓದು ಅಷ್ಟಕ್ಕಷ್ಟೇ. ಕಾಜಲ ಬೆರಳಿಟ್ಟು ಜೋರಾಗಿ ಓದಿದಳು.

“ಜ್ಞಾನೇಶ್ವರ. ಮೃತ. ಅವಿವಾಹಿತ. ವಾರಸುದಾರರು ಇಲ್ಲ.”

ಓದಿ ತಲೆ ಎತ್ತಿದಳು. “ಅವ್ವಾ, ಅವಿವಾಹಿತ ಅಂದ್ರ ಲಗ್ನ ಆಗದವ್ರು ಅಲ್ಲೇನು? ಮತ್ತ ನಾವು?”

ಕಾಜಲ ಹಾಳೆ ತಿರುವಿದಳು. ವಂಶವೃಕ್ಷದಲ್ಲಿ ದಿಲೀಪ ಇದ್ದ, ಅವನ ಮಕ್ಕಳಿದ್ದರು. ಕೇಶರಬಾಯಿ ತನ್ನ ಹಕ್ಕನ್ನು ಮಗನಿಗೆ ಬಿಟ್ಟುಕೊಟ್ಟ ಹೆಬ್ಬೆಟ್ಟು ಇತ್ತು. ತಾರೀಖು ನೋಡಿದರೆ, ಜ್ಞಾನೇಶ್ವರನ ದಿನಕರ್ಮ ಮುಗಿದು ಒಂಬತ್ತೇ ದಿನ. ಕೆಳಗೆ ಸಾಕ್ಷಿಗಳ ಸಹಿ. ಮೂರನೆಯ ಹೆಸರನ್ನು ಕಾಜಲ ನಿಧಾನವಾಗಿ ಓದಿದಳು. ಮಡೆಪ್ಪ.

ಭೀಮಬಾಯಿ ಗಂಡನ ಕಡೆ ತಿರುಗಿದಳು. “ಏನಿದು?”

“ಬೆಳಿ ವಿಮಾದ ಕಾಗಜ ಅಂದ ದಿಲೀಪ” ಅಂದ ಮಡೆಪ್ಪ. “ಓಣಿ ಮಂದಿ ಎಲ್ಲಾ ಹಾಕಾಕತ್ತಿದ್ರು. ನಾನೂ ದಸ್ತಖತ್ ಹಾಕಿದೆ. ಏನದ ಅಂತ ಕೇಳಲಿಲ್ಲವ್ವಾ.”

“ಇವರ ಮದುವ್ಯಾಗ ಅಕ್ಕಿಕಾಳು ಹಾಕಿದಿ. ಆ ಹುಡುಗೀನ ಎತ್ತಿ ಆಡ್ಸೀದಿ. ಅದೇ ಕೈಲೆ ಈ ಕೂಸುಗಳು ಹುಟ್ಟೇ ಇಲ್ಲ ಅಂತ ಬರಕೊಟ್ಟಿ!” ಭೀಮಬಾಯಿ ಅಳತೊಡಗಿದಳು. ಆಮೇಲೆ ಕಣ್ಣೊರಸಿಕೊಂಡು ಜಗದೇವಿಗೆ ಹೇಳಿದಳು, “ಹೋಗವ್ವಾ. ಕಚೇರಿಗಿ ಹೋಗು. ನಾನೂ ಬರ್ತೀನಿ. ಇವನ್ನೂ ಕರಕೊಂಡು ಬರ್ತೀನಿ.”

ಹುಮನಾಬಾದಿನ ಕಾನೂನು ಸೇವಾ ಸಮಿತಿಯಲ್ಲಿ ಜಗದೇವಿಗೆ ಪುಕ್ಕಟೆ ವಕೀಲರು ಸಿಕ್ಕರು. ಬಸವಕಲ್ಯಾಣದ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಹೋಯಿತು. ವಿಚಾರಣೆ ಇದ್ದ ದಿನವೆಲ್ಲ ಅವಳ ಕೂಲಿ ತಪ್ಪುತ್ತಿತ್ತು. ರೇಷನ್ ಕಾರ್ಡು, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯ ಫೋಟೊ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬಸ್ಸು ಹತ್ತುತ್ತಿದ್ದಳು. ಮಡೆಪ್ಪ ಬಂದು ಎಲ್ಲರ ಮುಂದೆ ನಿಜ ಹೇಳಿದ.

ಅಧಿಕಾರಿಗಳು ಕೇಶರಬಾಯಿಯನ್ನೂ ಕೇಳಿದರು. “ಇವಳು ನಿಮ್ಮ ಸೊಸೆಯೇ?”

ಸಂಜು ಎದುರಿನ ಬೆಂಚಿನ ಮೇಲೆ ಕೂತು ಅಜ್ಜಿಯನ್ನೇ ನೋಡುತ್ತಿದ್ದ. ಕೇಶರಬಾಯಿ ನೆಲ ನೋಡಿದಳು.

“ನನಗೇನೂ ಗೊತ್ತಿಲ್ರಿ. ದಿಲೀಪಗ ಕೇಳ್ರಿ.”

ಜಗದೇವಿ ಗಂಡ ಸತ್ತ ದಿನ ಅತ್ತಿದ್ದಳು. ವಿಚಾರಣೆ ಮುಗಿಸಿ ಮರಳುವಾಗ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಅತ್ತಳು.

ಹತ್ತು ತಿಂಗಳ ಮೇಲೆ ಆದೇಶ ಬಂತು. ಸುಳ್ಳು ದಾಖಲೆ ರದ್ದಾಯಿತು. ಜಗದೇವಿ, ಕಾಜಲ, ಸಂಜುಕುಮಾರ, ಮೂರೂ ಹೆಸರು ಪಹಣಿಗೆ ಬಂದವು. ಆದರೆ ಅಷ್ಟರಲ್ಲಿ ದಿಲೀಪ ಬಾವಿ ಕಡೆಯ ಮೂರು ಎಕರೆಯನ್ನು ಬೇರೆಯವರಿಗೆ ಬರೆದುಕೊಟ್ಟಿದ್ದ. ಅದರ ದಾವೆ ಇನ್ನೂ ಕೋರ್ಟಿನಲ್ಲಿದೆ. ಎಷ್ಟು ವರ್ಷ ಹಿಡಿಯುತ್ತದೋ ವಕೀಲರೂ ಹೇಳಲಾರರು.

ಈ ವರ್ಷದ ಎಳ್ಳ ಅಮಾವಾಸ್ಯೆಗೆ ಜಗದೇವಿ ಮಕ್ಕಳ ಜೊತೆ ಹೊಲಕ್ಕೆ ಹೋದಳು. ಮಹಜಬೀನ್, ಭೀಮಬಾಯಿ, ಮಡೆಪ್ಪ ಬಂದಿದ್ದರು. ಗಂಡನ ಕಡೆಯವರು ಒಬ್ಬರೂ ಇರಲಿಲ್ಲ. ಒಡ್ಡಿನ ಆಚೆ ದಿಲೀಪನ ಮನೆಯವರು ಬೆನ್ನು ತಿರುಗಿಸಿ ಉಣ್ಣುತ್ತಿದ್ದರು. ಸಂಜು ಈ ಸಲ ಆಯೀ ಅಂತ ಕೂಗಲಿಲ್ಲ. ಹೊಲ ಬಂದರೂ ಅಜ್ಜಿಯ ನಂಟು ಮಾತ್ರ ತಿರುಗಿ ಬರಲಿಲ್ಲ. ಗಂಡ ಹೋದ ಹದಿನೈದು ದಿನದೊಳಗೆ ಒಂದು ಅರ್ಜಿ ಹಾಕಿದ್ದರೆ ಬಹುಶಃ ಎರಡೂ ಉಳಿಯುತ್ತಿದ್ದವು ಎಂದು ಜಗದೇವಿ ಇಂದಿಗೂ ಹೇಳುತ್ತಾಳೆ.

ಅಕ್ಕಂದಿರೇ, ತಾಯಂದಿರೇ, ನಿಮ್ಮ ಮನೆಯ ಹೊಲದ ಪಹಣಿಯಲ್ಲಿ ಯಾರ ಹೆಸರಿದೆ ಎಂದು ಈ ವಾರವೇ ನೋಡಿ. ಮನೆಯಲ್ಲಿ ಸಾವಾದರೆ ಇಪ್ಪತ್ತೊಂದು ದಿನದೊಳಗೆ ಮರಣ ನೋಂದಣಿ ಮಾಡಿಸಿ, ಕೂಡಲೇ ಫೌತಿ ಖಾತೆಗೆ ಅರ್ಜಿ ಕೊಡಿ. ಮೋಸವಾಗಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಪುಕ್ಕಟೆ. ಅಣ್ಣಂದಿರೇ, ಯಾರೇ ಕಾಗದ ತಂದರೂ ಓದಿಸಿ ಕೇಳದೆ ಸಹಿ ಹಾಕಬೇಡಿ. ನಿಮ್ಮ ಒಂದು ಸಹಿ ಬದುಕಿರುವ ಮಕ್ಕಳನ್ನು ಇಲ್ಲ ಅನ್ನಿಸಬಹುದು.

ದುಃಖ ಇಳಿಯಲಿ, ಅತ್ತು ಮುಗಿಯಲಿ, ಆಮೇಲೆ ಕಚೇರಿಗೆ ಹೋದರಾಯಿತು ಅನ್ನಬೇಡಿ. ಅಳುತ್ತಲೇ ಹೋಗಿ.