ಕುಷ್ಟನ ಹೆಸರಿನಲ್ಲಿ ಉಳಿದ ಕೆಲಸ

ಕೋಡಿಯಲ್ಲಿ ನಾವು ಕೆಲಸ ಮಾಡುತ್ತಿದ್ದ ದೋಣಿ ಶೆಡ್ಡಿನಲ್ಲಿ ಒಂದು ಕ್ರಮವಿತ್ತು. ನೀರು ಒಳಬರದಂತೆ ಹಲಗೆಗಳ ಸಂದಿಗೆ ಹತ್ತಿ ಹೊಡೆಯುವವನು ನನ್ನ ಅಪ್ಪಯ್ಯ, ಕುಷ್ಟ. ಕೆಲಸ ಮುಗಿದ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ದೋಣಿಗೆ ಒಂದು ಸುತ್ತು ಬರುತ್ತಿದ್ದ. ಸದ್ದು ಪೊಳ್ಳಾಗಿ ಕೇಳಿದಲ್ಲಿ ಸೀಮೆಸುಣ್ಣದಿಂದ ಗೀಟು ಎಳೆಯುತ್ತಿದ್ದ. ಅಲ್ಲಿ ಮತ್ತೆ ಹತ್ತಿ ಹೊಡೆದು, ಮನಸ್ಸಿಗೆ ಸರಿಬಂದ ಮೇಲೆ ಒದ್ದೆ ಬಟ್ಟೆಯಿಂದ ಅವನೇ ಗೀಟು ಒರೆಸಬೇಕು. ಬೇರೆ ಯಾರೂ ಒರೆಸುವಂತಿಲ್ಲ. ಗೀಟು ಇರುವ ದೋಣಿ ನೀರಿಗೆ ಇಳಿಯುವಂತಿಲ್ಲ.

ನಾನು ಅಕ್ಕು, ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಶೆಡ್ಡಿನ ಆಫೀಸು ಗುಡಿಸಿ ಚಾ ಕಾಯಿಸುತ್ತಿದ್ದೆ. 2012ರ ಮಳೆಗಾಲದಲ್ಲಿ ಒಂಬತ್ತು ದೋಣಿಗಳು ಒಟ್ಟಿಗೆ ರಿಪೇರಿಗೆ ಬಂದು, ಯಾವುದರ ಯಾವ ಕೆಲಸ ಬಾಕಿ ಎಂದು ಶೆಡ್ಡಿನ ಮಾಲೀಕ ಶೇಖರಣ್ಣನಿಗೇ ತಿಳಿಯದಾಯಿತು. ಬ್ರಹ್ಮಾವರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ವಿಶಾಲಣ್ಣನನ್ನು ಕರೆಸಿದ.

ವಿಶಾಲಣ್ಣ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಮೊದಲು ಲಿನಕ್ಸ್ ಹಾಕಿದ. ಆಮೇಲೆ ಕೆಲಸಗಳ ಲೆಕ್ಕವಿಡುವ ಒಂದು ಸಾಫ್ಟ್‌ವೇರ್. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಬೇಕಾದಂತೆ ತಿದ್ದಿಕೊಳ್ಳಬಹುದು, ದುಡ್ಡಿಲ್ಲ ಎಂದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡುತ್ತಿದ್ದವು. ನೆಟ್ ಮೂರು ಸಲ ಕಡಿದು, ಮೂರು ಸಲವೂ ಅವನು ಮತ್ತೆ ಶುರು ಮಾಡಿದ. ಮೂರನೆಯ ಸಲಕ್ಕೆ ಮುಂದಿನ ಸಾಲು ಯಾವುದೆಂದು ನನಗೆ ಗೊತ್ತಿತ್ತು. ನಾನು ಚಾದ ಲೋಟ ಹಿಡಿದು ಹಿಂದೆ ನಿಂತಿದ್ದೆ, ಅಷ್ಟೆ.

ಒಂದೊಂದು ದೋಣಿ ಒಂದೊಂದು ಪ್ರಾಜೆಕ್ಟ್. ಅದರ ಒಳಗೆ ಕೆಲಸಗಳು. ಒಂದೊಂದು ಕೆಲಸಕ್ಕೂ ಒಬ್ಬರ ಹೆಸರು.

"ಹತ್ತಿ ಕೆಲ್ಸ ಯಾರ ಹೆಸ್ರಲ್ಲ್ ಹಾಕುದ್?" ಎಂದು ವಿಶಾಲಣ್ಣ ಕೇಳಿದ.

"ಕುಷ್ಟಂಗೆ ಅಕ್ಷರ ಬತ್ತಿಲ್ಲೆ ಮಾರಾಯ. ನನ್ನ ಹೆಸ್ರಲ್ಲೇ ಹಾಕ್" ಎಂದ ಶೇಖರಣ್ಣ.

ಅಪ್ಪಯ್ಯ ಬಾಗಿಲಲ್ಲೇ ಇದ್ದ. ಕೇಳಿಸಿಕೊಂಡು ದೋಣಿಯ ಕಡೆ ತಿರುಗಿ ಹೋದ.

ಆಗಸ್ಟಿನಲ್ಲಿ ದೋಣಿಗಳನ್ನು ಇಳಿಸುವ ಅವಸರ. ಒಂದು ಬೆಳಿಗ್ಗೆ ಪರದೆ ಒರೆಸುವಾಗ ಐದನೆಯ ದೋಣಿಯ ಹತ್ತಿ ಕೆಲಸದ ಮುಂದೆ 'ಮುಗಿದಿದೆ' ಎಂದಿರುವುದನ್ನು ಕಂಡೆ. ಉಳಿದ ಕೆಲಸಗಳೊಟ್ಟಿಗೆ ಶೇಖರಣ್ಣ ಅದನ್ನೂ ಒತ್ತಿಬಿಟ್ಟಿದ್ದ. ಆ ದೋಣಿಯ ಅಡಿಯಲ್ಲಿ ಅಪ್ಪಯ್ಯನ ಗೀಟು ಹಾಗೇ ಇತ್ತು. ಹಿಂದಿನ ಸಂಜೆ ನಾನೇ ನೋಡಿದ್ದೆ. ಹೇಳಬೇಕೆಂದು ಶೇಖರಣ್ಣನ ಮೇಜಿನವರೆಗೆ ಹೋದೆ. ಅವನು ತಲೆಯೆತ್ತಿ "ಎಂತ, ಅಕ್ಕು?" ಎಂದ.

"ಚಾ ಬೇಕಾ ಅಂತ" ಎಂದೆ.

ಮಧ್ಯಾಹ್ನ ಅಪ್ಪಯ್ಯ ಊಟ ಮುಗಿಸಿ ಬರುವಷ್ಟರಲ್ಲಿ ಪರದೆಯ ಪಟ್ಟಿ ನಂಬಿ ದೋಣಿಯನ್ನು ನೀರಿಗೆ ಜಾರಿಸುತ್ತಿದ್ದರು. ಅವನು ಬಿಳಿ ಗೀಟು ನೀರಿನೊಳಗೆ ಹೋಗುವುದನ್ನು ನಿಂತು ನೋಡಿದ. ನಾಲ್ಕನೆಯ ದಿನ ದೋಣಿ ನೀರು ಕುಡಿದು ವಾಪಸು ಬಂತು. ಯಾರಿಗೂ ಏನೂ ಆಗಿರಲಿಲ್ಲ. ಆದರೆ ಅಷ್ಟರಲ್ಲಿ ಅಪ್ಪಯ್ಯ ಸುತ್ತಿಗೆಯನ್ನು ಮನೆಗೆ ತಂದಿಟ್ಟಾಗಿತ್ತು.

"ನನ್ ಗೀಟಿಗೆ ಬೆಲೆ ಇಲ್ದಿದ್ ಮೇಲೆ ನಾ ಹೋಯ್ ಎಂತ ಮಾಡುದ್?" ಎಂದ. ನಾನು ಮೊದಲೇ ನೋಡಿದ್ದೆ ಎಂದು ಅವನಿಗೆ ಹೇಳಲಾಗಲಿಲ್ಲ.

ತಿಂಗಳು ಕಳೆದು ವಿಶಾಲಣ್ಣ ಬಂದಾಗ, ಅವನೊಬ್ಬನೇ ಇರುವ ಹೊತ್ತು ನೋಡಿ ಕೇಳಿದೆ: "ಕಂಪ್ಯೂಟರಲ್ಲ್ ಅಪ್ಪಯ್ಯಂಗ್ ಒಂದ್ ಹೆಸ್ರ್ ಮಾಡುಕ್ ಆತ್ತಾ? ಹತ್ತಿ ಕೆಲ್ಸ ಅವ್ನ್ ಬಿಟ್ರೆ ಯಾರೂ ಮುಗ್ಸುಕ್ ಆಗ್ದಿದ್ದಂಗೆ?"

ಅವನು ತಿರುಗಿ ನೋಡಿದ. "ಓಹೋ, ನಿಂಗ್ ಮಾತ್ ಬತ್ತಾ?" ಎಂದು ನಕ್ಕು, ಕುರ್ಚಿ ಬಿಟ್ಟುಕೊಟ್ಟ. "ನೀನೇ ಮಾಡ್. ನಾ ಹೇಳ್ತೆ."

ಯಾರಿಗೆ ಯಾವ ಅಧಿಕಾರ ಎಂದು ಬರೆಯುವ ಪುಟದಲ್ಲಿ ನಾನೇ ಅಪ್ಪಯ್ಯನ ಹೆಸರು ಸೇರಿಸಿದೆ. ಶೇಖರಣ್ಣ ಬೇಡ ಎನ್ನಲಿಲ್ಲ. ತಾನೇ ಮನೆಗೆ ಬಂದು ಅಪ್ಪಯ್ಯನನ್ನು ಮತ್ತೆ ಕೆಲಸಕ್ಕೆ ಕರೆದ.

ಪರದೆಯಲ್ಲಿ ನಾನು ತೋರಿಸಿದ ಹೆಸರಿನ ಮೇಲೆ ಅಪ್ಪಯ್ಯ ಬೆರಳಿಟ್ಟ. "ಇದ್ ನಾನಾ?"

"ಹೌದ್. ನೀ ಒರ್ಸಿದೆ ಅಂದ್ರೆ ನಾ ಒತ್ತುದ್. ಅಲ್ಲಿವರಿಗೆ ಶೇಖರಣ್ಣನೂ ಒತ್ತುಕಾಗ."

"ಅವ್ನೂ ಒತ್ತುಕಾಗ?" ಎಂದು ಮತ್ತೊಮ್ಮೆ ಕೇಳಿದ. ಸುತ್ತಿಗೆ ಶೆಡ್ಡಿಗೆ ಮರಳಿತು. ಸಂಜೆ ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಬಂದು "ಒತ್ತ್ ಮಗಾ" ಎನ್ನುತ್ತಿದ್ದ. ಒತ್ತಿದ್ದನ್ನು ನೋಡದೆ ಹೋಗುತ್ತಿರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ, ಜುಲೈ ಕೊನೆಗೆ, ಅಪ್ಪಯ್ಯ ಎದೆನೋವೆಂದು ಮಲಗಿದವನು ಏಳಲಿಲ್ಲ. ಕೊನೆಯ ದೋಣಿಯ ಅಡಿಯಲ್ಲಿ ಅವನ ಒಂದು ಗೀಟು ಉಳಿದಿತ್ತು.

ಹನ್ನೊಂದನೆಯ ದಿನ ಶೇಖರಣ್ಣ ಹೇಳಿ ಕಳಿಸಿದ. ತೆಕ್ಕಟ್ಟೆಯ ಭೋಜಣ್ಣ ಬಂದು ಹತ್ತಿ ಹೊಡೆದು ಮುಗಿಸಿದ್ದ. ಆದರೆ ಗೀಟನ್ನು ಯಾರೂ ಮುಟ್ಟಿರಲಿಲ್ಲ. ಕಂಪ್ಯೂಟರಿನಲ್ಲಿ ಕೆಲಸ ಬಾಕಿ ಎಂದೇ ಇತ್ತು.

"ಪಾಸ್‌ವರ್ಡ್ ನಿನ್ನತ್ರ ಇತ್ತಲ್ದಾ. ಒಂದ್ ಒತ್ತ್ ಮಗಾ, ನಾಳೆ ಇಳ್ಸುಕಿತ್ತ್" ಎಂದ ಶೇಖರಣ್ಣ ಮೆಲ್ಲನೆ.

ಅಪ್ಪಯ್ಯ ಹೋದ ಮೇಲೆ ಮನೆ ಸೇರಿದ್ದ ಅವನ ಸುತ್ತಿಗೆಯನ್ನು ತಂದಿದ್ದೆ; ಅದನ್ನು ಹಿಡಿದು ದೋಣಿಯ ಅಡಿಗೆ ಬಗ್ಗಿದೆ. ಗೀಟಿನುದ್ದಕ್ಕೂ ತಟ್ಟಿದೆ. ಚಿಕ್ಕಂದಿನಿಂದ ಕೇಳಿದ ಸದ್ದು ಅದು. ತುದಿಯಲ್ಲಿ ಒಂದು ಕಡೆ ಪೊಳ್ಳಾಗಿ ಕೇಳಿತು. ಎರಡು ಸಲ ತಟ್ಟಿ ನೋಡಿದೆ.

"ಭೋಜಣ್ಣ, ಇಲ್ಲೊಂದ್ ಗೇಣ್ ಮತ್ತೆ ಹೊಡಿಕ್."

ಶೆಡ್ಡಿನಲ್ಲಿ ಅಷ್ಟು ಜನರೆದುರು ನಾನು ಮಾತಾಡಿದ್ದು ಅದೇ ಮೊದಲು. ಭೋಜಣ್ಣ ಶೇಖರಣ್ಣನ ಮುಖ ನೋಡಿದ.

"ಅಕ್ಕು ಹೇಳ್ದಂಗ್ ಮಾಡ್" ಎಂದ ಶೇಖರಣ್ಣ.

ಸಂಜೆ ಮತ್ತೆ ತಟ್ಟಿದೆ. ಸರಿಯಿತ್ತು. ಬಟ್ಟೆ ಒದ್ದೆ ಮಾಡಿ ಗೀಟು ಒರೆಸಿದೆ. ಅಪ್ಪಯ್ಯನ ಕೈಯ ಕೊನೆಯ ಗೀಟು, ಸ್ವಲ್ಪ ಓರೆಯಾಗಿತ್ತು. ಒರೆಸಿದರೂ ಬಿಳಿ ಪೂರ್ತಿ ಹೋಗಲಿಲ್ಲ.

ಆಫೀಸಿಗೆ ಬಂದು ಅಪ್ಪಯ್ಯನ ಹೆಸರಿನಿಂದಲೇ ಒಳಗೆ ಹೋಗಿ ಒತ್ತಿದೆ. ಆಮೇಲೆ ವಿಶಾಲಣ್ಣನಿಗೆ ಫೋನ್ ಮಾಡಿ, ಹೆಸರು ತೆಗೆಯುವುದು ಹೇಗೆ ಎಂದು ಕೇಳಿದೆ.

"ತೆಗಿಬೇಡ ಅಕ್ಕು. ತೆಗೆದ್ರೆ ಅವ್ರ್ ಮಾಡಿದ್ ಕೆಲ್ಸಕ್ಕೆಲ್ಲ ಹೆಸ್ರಿಲ್ದಂಗ್ ಆತ್ತ್. ಹೆಸ್ರಿಗ್ ಬೀಗ ಹಾಕ್, ಸಾಕ್. ಒಳಗ್ ಬಪ್ಪುಕ್ ಆತಿಲ್ಲೆ, ಹೆಸ್ರ್ ಇರತ್ತ್."

ಬೀಗ ಹಾಕಿದೆ.

ಪಟ್ಟಿಯಲ್ಲಿ ಆ ಸಾಲು ಈಗಲೂ ಇದೆ. ಹತ್ತಿ ಕೆಲಸ: ಮುಗಿದಿದೆ. ಮುಗಿಸಿದವರು: ಕುಷ್ಟ. ಪಕ್ಕದಲ್ಲಿರುವುದು ಅಪ್ಪಯ್ಯ ಹೋಗಿ ಹನ್ನೊಂದನೆಯ ದಿನದ ತಾರೀಕು.